ಸೋದರಮಾವನ ಮನೆಯ ಹಕ್ಕು

ತೋಕಿಲುಪೆಗೆ ಕಾಯಿಲೆ ಎಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಮಾತ್ರೆಗಳ ದೆಸೆಯಿಂದ ಮುಖ ಊದಿ ದುಂಡಗಾಗಿತ್ತು, ಎರಡೂ ಕೆನ್ನೆ ಕೆಂಪೇರಿತ್ತು. ನಮ್ಮ ಟೊಂಗಾ ದ್ವೀಪಗಳಲ್ಲಿ ಮೈಕೈ ತುಂಬಿಕೊಂಡವಳೇ ಸುಖವಾಗಿರುವವಳು. ಸೊರಗಿದವಳನ್ನು ಮಾತ್ರ ಜನ ಏನಾಯಿತೆಂದು ಕೇಳುತ್ತಾರೆ. ಹಾಗಾಗಿ ಭಾನುವಾರ ಚರ್ಚಿನ ಬಾಗಿಲಲ್ಲಿ ಆಕೆಗೆ ಸಿಗುತ್ತಿದ್ದದ್ದು ಹೊಗಳಿಕೆ.

“ಏನಮ್ಮಾ, ದಿನದಿಂದ ದಿನಕ್ಕೆ ಕಳೆ ಏರ್ತಿದೆ! ಗಂಡ ನ್ಯೂಜಿಲೆಂಡಿನ ತೋಟದಿಂದ ಏನು ಕಳಿಸ್ತಾನೆ ತಿನ್ನೋಕೆ? ನಮಗೂ ಸ್ವಲ್ಪ ಹೇಳು.”

ಆಕೆ ನಕ್ಕು ಸುಮ್ಮನಾಗುತ್ತಿದ್ದಳು. ಮಾತಾಡುವುದಕ್ಕಿಂತ ನಗುವುದಕ್ಕೆ ಕಡಿಮೆ ಶಕ್ತಿ ಸಾಕು.

ಕಾಯಿಲೆಯ ಹೆಸರು ಲೂಪಸ್ ಎಂದು ಪಟ್ಟಣದ ಡಾಕ್ಟರು ಹೇಳಿದ್ದರು. ರೋಗದ ವಿರುದ್ಧ ಮೈಯನ್ನು ಕಾಯಬೇಕಾದ ಪಡೆಯೇ ಮೈಮೇಲೆ ತಿರುಗಿ ಬಿದ್ದಿದೆಯಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ? ಕೀಲುನೋವು ಬರುತ್ತಿತ್ತು, ಹೋಗುತ್ತಿತ್ತು. ಹೋಗದೆ ಉಳಿದದ್ದು ಸುಸ್ತು. ಒಂಬತ್ತು ಗಂಟೆ ನಿದ್ದೆ ಮಾಡಿ ಎದ್ದರೂ ಗೆಣಸಿನ ಮೂಟೆ ಹೊತ್ತು ಬಂದವಳಂತಿರುತ್ತಿದ್ದಳು. ಅದರ ಜೊತೆ ಬದುಕುವುದನ್ನು ತಾನಾಗಿಯೇ ಕಲಿತಳು. ಬಟ್ಟೆ ಒಗೆದ ದಿನ ಒಲೆ ಹಚ್ಚುವುದಿಲ್ಲ, ಒಲೆ ಹಚ್ಚಿದ ದಿನ ಅಂಗಳ ಗುಡಿಸುವುದಿಲ್ಲ. ತಲೆ ಬಾಚುವುದೂ ಗೋಡೆಗೆ ಒರಗಿಕೊಂಡೇ. ಬಿಸಿಲು ತಾಗಿದರೆ ಕೆನ್ನೆ ಉರಿಯುವುದರಿಂದ ಹೊರಗೆ ಹೋದರೆ ಛತ್ರಿ. ಅದಕ್ಕೂ ಹೆಂಗಸರು “ದೊರೆಸಾನಿ ಬಂದಳು, ದಾರಿ ಬಿಡಿ” ಎನ್ನುತ್ತಿದ್ದರು.

ಈ ವಿಷಯ ಆಕೆ ಬಾಯಿಬಿಟ್ಟು ಹೇಳಿದ್ದು ಒಬ್ಬಳಿಗೆ ಮಾತ್ರ: ವೈಮೋವಾನಾಳಿಗೆ. ಅವಳು ತೋಕಿಲುಪೆಯ ಸೋದರತ್ತೆಯ ಮಗಳು. ಸೋದರತ್ತೆಯ ಮಕ್ಕಳೆಂದರೆ ನಮ್ಮಲ್ಲಿ ಮೇಲಿನವರು. ಸೋದರಮಾವನ ಮನೆಗೆ ಬಂದು ಹಂದಿಯನ್ನೇ ಹಿಡಿದುಕೊಂಡು ಹೋಗಲಿ, ಚಾಪೆಯನ್ನೇ ಸುತ್ತಿಕೊಂಡು ಹೋಗಲಿ, ಯಾಕೆ ಎಂದು ಕೇಳುವ ಹಾಗಿಲ್ಲ. ಚಿಕ್ಕವಳಿದ್ದಾಗ ತೋಕಿಲುಪೆಯ ಹೊಸ ಭಾನುವಾರದ ಅಂಗಿ ಹಾಗೇ ಹೋಗಿತ್ತು. ಅತ್ತದ್ದಕ್ಕೆ ಅಪ್ಪನ ಕೈಯಿಂದ ಏಟೂ ಬಿದ್ದಿತ್ತು. ಆದರೂ ವೈಮೋವಾನಾ ಎಂದರೆ ಆಕೆಗೆ ಪ್ರಾಣ.

“ಅಕ್ಕಾ, ಯಾರ ಹತ್ರಾನೂ ಬಾಯಿ ಬಿಡ್ಬೇಡ. ಲೋಸಲೀನೆ ಮದುವೆ ಆಗ್ಲಿ. ತಾಯಿ ಕಾಯಿಲೆ ಮಗಳಿಗೂ ಬರುತ್ತೆ ಅಂತ ಹುಡುಗನ ಕಡೆಯವರು ಹಿಂದೆ ಸರಿದ್ರೆ ನಾನೇನು ಮಾಡ್ಲಿ?”

“ಹುಚ್ಚಿ, ನಾನ್ಯಾರಿಗೆ ಹೇಳ್ಲಿ? ನೀನು ಬಿದ್ಕೊಂಡಿರು. ಗುರುವಾರ ಗುರುವಾರ ನೀನು ಬಡಿದ ನಾರಿನ ಪಟ್ಟಿಗಳನ್ನ ನಾನೇ ತಗೊಂಡ್ಹೋಗಿ ಗುಂಪಿಗೆ ಕೊಡ್ತೀನಿ.”

ಮಗಳು ಲೋಸಲೀನೆಯ ಮದುವೆ ನವೆಂಬರಿನಲ್ಲಿ. ತವರಿನ ನಾರುಬಟ್ಟೆಯಿಲ್ಲದೆ ಹೆಣ್ಣನ್ನು ಕಳಿಸಿದರೆ ಅವಳು ಅತ್ತೆಮನೆಯಲ್ಲಿ ತಲೆಯೆತ್ತುವುದು ಕಷ್ಟ. ಅಷ್ಟು ದೊಡ್ಡ ಬಟ್ಟೆ ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಒಂಬತ್ತು ಹೆಂಗಸರ ಗುಂಪು. ಪ್ರತಿ ಗುರುವಾರ ಒಬ್ಬೊಬ್ಬಳೂ ಮರದ ಒಳತೊಗಟೆಯನ್ನು ಬಡಿದು ತೆಳ್ಳಗೆ ಮಾಡಿದ ಪಟ್ಟಿಗಳನ್ನು ತರಬೇಕು. ಎಲ್ಲರೂ ಉದ್ದನೆಯ ಹಲಗೆಯ ಎರಡೂ ಕಡೆ ಕೂತು ಅಂಟಿಸಬೇಕು. ಅಂಟಿಸಿ ಮುಗಿದ ಬಟ್ಟೆ, ಸರದಿ ಇದ್ದವಳಿಗೆ. ಪಟ್ಟಿ ಕೊಡದವಳ ಸರದಿ ಹಿಂದಕ್ಕೆ. ತೋಕಿಲುಪೆ ಮೂರು ವರ್ಷ ಬೇರೆಯವರ ಬಟ್ಟೆಗೆ ದುಡಿದಿದ್ದಳು. ಈಗ ಅವಳ ಸರದಿ ಬಂದಿತ್ತು.

ನಾಲ್ಕು ತಿಂಗಳು ಆಕೆ ಮನೆಯಲ್ಲೇ ಪಟ್ಟಿ ಬಡಿದಳು. ಕೂತು ಬಡಿಯಲಾಗುತ್ತಿರಲಿಲ್ಲ. ಎಡಮಗ್ಗುಲಿಗೆ ಮಲಗಿ, ಮೊಣಕೈ ಊರಿ, ಕೊಡತಿ ಎತ್ತುತ್ತಿದ್ದಳು. ಇಪ್ಪತ್ತು ಏಟು ಎಣಿಸುವುದು, ಕಣ್ಣು ಮುಚ್ಚುವುದು, ಮತ್ತೆ ಇಪ್ಪತ್ತು. ಮಲಗಿ ಬಡಿದಿದ್ದರಿಂದ ಪ್ರತಿ ಪಟ್ಟಿಯ ಒಂದು ಅಂಚು ದಪ್ಪ ಉಳಿಯುತ್ತಿತ್ತು. ಅದಕ್ಕಾಗಿ ನಾಚಿಕೊಳ್ಳುತ್ತಿದ್ದಳು. ವೈಮೋವಾನಾ ಮಾತ್ರ “ಇರ್ಲಿ ಬಿಡು, ಅಂಟಿನಲ್ಲಿ ಮುಚ್ಚಿಹೋಗುತ್ತೆ” ಎಂದು ಮಡಿಸಿ ಬಗಲಲ್ಲಿಟ್ಟುಕೊಂಡು ಹೋಗುತ್ತಿದ್ದಳು.

ಸರದಿ ಗೊತ್ತುಮಾಡುವ ಗುರುವಾರ ಎಲ್ಲರೂ ಇರಲೇಬೇಕು. ಮೂರು ದಿನ ಮುಂಚಿನಿಂದ ಒಂದು ಲೋಟವನ್ನೂ ತೊಳೆಯದೆ ಶಕ್ತಿ ಉಳಿಸಿಕೊಂಡು, ಛತ್ರಿ ಹಿಡಿದು ತೋಕಿಲುಪೆ ಗುಂಪಿನ ಮನೆಗೆ ಹೋದಳು.

ಗುಂಪಿನ ಹಿರಿಯಳು ಫುಸಿಪಾಲಜ್ಜಿ. ಅವಳ ಕಣ್ಣು ಮಂಜಾಗಿದ್ದರೂ ನಾಲಿಗೆ ಚುರುಕು.

“ಬಾರಮ್ಮಾ ದೊರೆಸಾನಿ. ನಾಲ್ಕು ತಿಂಗಳಿಂದ ಹಲಗೆ ಹತ್ರ ಮುಖ ತೋರಿಸ್ಲಿಲ್ಲ, ಒಂದು ಪಟ್ಟಿ ಕಳಿಸ್ಲಿಲ್ಲ. ಇವತ್ತು ಸರದಿ ಅಂತ ಕಾಲು ಬಂತಾ?”

“ಕಳಿಸಿದೀನಲ್ಲ ಅಜ್ಜಿ! ಪ್ರತಿ ವಾರಾನೂ ಕಳಿಸಿದೀನಿ.”

“ಯಾರ ಕೈಲಿ? ಗಾಳಿ ಕೈಲಾ?”

ಹೆಂಗಸರು ನಕ್ಕರು. ತೋಕಿಲುಪೆ ವೈಮೋವಾನಾಳ ಕಡೆ ನೋಡಿದಳು. ಅವಳು ಮರಗೆಣಸಿನ ಅಂಟು ಕಲೆಸುತ್ತಾ ತಲೆಯನ್ನೇ ಎತ್ತಲಿಲ್ಲ. ಆಗ ತೋಕಿಲುಪೆಯ ಕಣ್ಣು ಹಲಗೆಯ ಪಕ್ಕದ ಪಟ್ಟಿಗಳ ರಾಶಿಯ ಮೇಲೆ ಬಿತ್ತು. ಒಂದನ್ನು ಎಳೆದು ಅಜ್ಜಿಯ ಕೈಗಿಟ್ಟಳು. ಅಜ್ಜಿ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು.

“ಒಂದು ಕಡೆ ದಪ್ಪ. ಇದು ವೈಮೋವಾನಾ ತಂದಿದ್ದು. ಇವಳು ಎಲ್ಲರಿಗಿಂತ ಎರಡರಷ್ಟು ಕೊಟ್ಟಿದಾಳೆ, ಅದಕ್ಕೇ ಈ ಸರದಿ ಇವಳಿಗೆ ಅಂತ ಮಾತಾಗಿತ್ತು.”

“ಅದು ನಾನು ಬಡಿದಿದ್ದು ಅಜ್ಜಿ. ನನ್ನ ಕೈಯದು.”

ಈಗಲಾದರೂ ಅಕ್ಕ ತಪ್ಪಾಯಿತು ಎನ್ನುತ್ತಾಳೆ ಎಂದು ತೋಕಿಲುಪೆ ಕಾದಳು. ವೈಮೋವಾನಾ ಕೈ ಒರೆಸಿಕೊಂಡು, ನಗುತ್ತಲೇ ಹೇಳಿದಳು.

“ಹೌದು, ಅವಳದೇ. ಅದಕ್ಕೇನೀಗ? ಸೋದರಮಾವನ ಮನೆದು ತಗೊಳ್ಳೋಕೆ ನಾನು ಯಾರನ್ನ ಕೇಳ್ಬೇಕು?” ಆಮೇಲೆ ತೋಕಿಲುಪೆಯನ್ನೇ ದಿಟ್ಟಿಸಿ, “ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತ ನೀನೇ ಹೇಳು. ಎಲ್ಲರ ಮುಂದೆ ಹೇಳು,” ಎಂದಳು.

ತೋಕಿಲುಪೆ ಹೇಳಲಾರಳೆಂದು ಗೊತ್ತಿದ್ದದ್ದು ಆ ಮನೆಯಲ್ಲಿ ವೈಮೋವಾನಾ ಒಬ್ಬಳಿಗೇ. ನಂಬಿ ಕೊಟ್ಟ ಗುಟ್ಟನ್ನೇ ಹಗ್ಗ ಮಾಡಿ ಕುತ್ತಿಗೆಗೆ ಹಾಕಿದ್ದಳು. ಹಲಗೆಯಾಚೆ ಕೂತಿದ್ದವಳು ಲೋಸಲೀನೆಯ ಹುಡುಗನ ಚಿಕ್ಕಮ್ಮ. ತೋಕಿಲುಪೆ ಅವಳ ಕಡೆ ಒಮ್ಮೆ ನೋಡಿದಳು.

“ಸುಸ್ತು,” ಎಂದಳು.

“ಸುಸ್ತಾ? ನಮ್ಮ ಮೈಯೇನು ಕಬ್ಬಿಣದ್ದಾ?” ಎಂದಳು ಯಾರೋ ಒಬ್ಬಳು. ಮತ್ತೆ ನಗು.

ಫುಸಿಪಾಲಜ್ಜಿ ನಗಲಿಲ್ಲ. ಪಟ್ಟಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡು ಕೆಳಗಿಟ್ಟಳು. “ಹಕ್ಕು ಹಕ್ಕೇ ಕಣಮ್ಮ. ಅದಕ್ಕೆ ಎದುರಾಡೋಕೆ ನಾನ್ಯಾರು? ಈ ಸರದಿ ವೈಮೋವಾನಾಳದು. ನಿನ್ನದು ಮುಂದಿನ ವರ್ಷ.”

ಮುಂದಿನ ವರ್ಷಕ್ಕೆ ಮದುವೆ ಮುಗಿದು ಎಷ್ಟು ತಿಂಗಳಾಗಿರುತ್ತದೋ! ತೋಕಿಲುಪೆ ಏಳಲು ಹೋದಳು, ಕಾಲು ಏಳಲಿಲ್ಲ. ಬಂದು ರಟ್ಟೆ ಹಿಡಿದು ಎಬ್ಬಿಸಿದವಳು ವೈಮೋವಾನಾಳೇ. ಸುಸ್ತು ನಿಜವೆಂದು ಗೊತ್ತಿದ್ದವಳು ಅವಳೊಬ್ಬಳೇ ತಾನೆ? ತೋಕಿಲುಪೆಗೆ ಆ ಕೈ ಕೊಡವಿ ಒಗೆಯಬೇಕೆನ್ನಿಸಿತು. ಕೊಡವಲೂ ಶಕ್ತಿ ಬೇಕು. ದಾರಿಯುದ್ದಕ್ಕೂ ಅದೇ ತೋಳಿಗೆ ಒರಗಿಕೊಂಡು ನಡೆದಳು.

“ಬೇಜಾರು ಮಾಡ್ಕೋಬೇಡ್ವೇ. ಲೋಸಲೀನೆಗೆ ನನ್ನ ಬಟ್ಟೆಯಲ್ಲೇ ಒಂದು ತುಂಡು ಕೊಡ್ತೀನಿ,” ಎಂದಳು ವೈಮೋವಾನಾ, ಛತ್ರಿಯನ್ನು ಅವಳ ಮುಖಕ್ಕೆ ಮರೆಯಾಗಿ ಹಿಡಿಯುತ್ತಾ.

ತೋಕಿಲುಪೆ ನಿಂತಳು.

“ಅಕ್ಕಾ, ನಮ್ಮಪ್ಪನ ಮನೆದು ಇನ್ನೂ ಒಂದು ಉಳಿದಿದೆ. ಅದನ್ನೂ ತಗೊಂಡ್ಬಿಡು.”

“ಯಾವುದನ್ನ?”

“ಈ ಕಾಯಿಲೆನ. ನಮ್ಮಪ್ಪನ ಅಮ್ಮನಿಗೂ ಹೀಗೇ ಕೆನ್ನೆ ಕೆಂಪಿತ್ತಂತೆ. ಅವಳು ನಿನಗೂ ಅಜ್ಜಿ ತಾನೆ? ಕೇಳೋದೇ ಬೇಡ, ನಿನಗೂ ಹಕ್ಕಿದೆ.”

ವೈಮೋವಾನಾಳ ಕೈ ರಟ್ಟೆ ಬಿಟ್ಟು, ತನ್ನದೇ ಕೆನ್ನೆಗೆ ಹೋಯಿತು. ತೋಕಿಲುಪೆ ಛತ್ರಿ ಕಿತ್ತುಕೊಂಡು, ಮಡಿಸಿ, ಕೋಲಿನಂತೆ ನೆಲಕ್ಕೆ ಊರಿದಳು. ಇಪ್ಪತ್ತು ಹೆಜ್ಜೆ ಎಣಿಸಿದಳು, ಬಿಸಿಲಲ್ಲೇ ನಿಂತು ಕಣ್ಣು ಮುಚ್ಚಿದಳು, ಮತ್ತೆ ಇಪ್ಪತ್ತು ಎಣಿಸಿದಳು.