ಎಮ್ಮೆಗೆ ನೀರು ಕುಡಿಸಿದವನು

ಮೊನ್ನೆ ಭಾನುವಾರ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ಪಕ್ಕದಲ್ಲಿ ಮಗಳು ಮೊಬೈಲ್ ಹಿಡಿದು, ಯಾವುದೋ ದೇಶದಲ್ಲಿ ನಡೆದು ಇವತ್ತಿಗೂ ಬಗೆಹರಿಯದ ಕೊಲೆಯೊಂದರ ಕಥೆ ಕೇಳುತ್ತಿದ್ದಳು. ಅದರೊಳಗಿನ ದನಿ ಬಹಳ ಗಂಭೀರವಾಗಿ ಹೇಳಿತು: ತಜ್ಞರ ಪ್ರಕಾರ ಈ ಕೊಲೆಗಾರ ಮಿತಭಾಷಿ, ಅಚ್ಚುಕಟ್ಟಿನ ಮನುಷ್ಯ, ನೆರೆಹೊರೆಯವರ ಕಣ್ಣಿಗೆ ಒಳ್ಳೆಯವನು. ಮಗಳು ನನ್ನ ಮುಂದಿನ ಗುಡ್ಡೆಗಳನ್ನು ನೋಡಿದಳು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ಜೊಳ್ಳು ಬೇರೆ.

“ಅಪ್ಪಾ, ಇದು ನಿನ್ನ ನೋಡೇ ಹೇಳಿದಂಗ ಐತಲ್ಲ” ಎಂದಳು.

ನಾನು ನಕ್ಕೆ. ಆ ಮಾತು ನನಗೆ ಹೊಸದಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಒಂದು ಪಟ್ಟಿಗೆ ನಾನು ತಲೆಯಿಂದ ಕಾಲಿನವರೆಗೆ ಹೊಂದಿಕೊಂಡುಬಿಟ್ಟು, ಆಗಬೇಕಿದ್ದ ಮದುವೆಯೇ ತಪ್ಪಿಹೋಗುವುದರಲ್ಲಿತ್ತು. ಪಟ್ಟಿ ಬರೆದವರು ದೂರದ ತಜ್ಞರಲ್ಲ, ಅವಧಿಗೆ ಮುಂಚೆಯೇ ನಿವೃತ್ತಿ ಪಡೆದಿದ್ದ ಕೊಟ್ಟೂರಿನ ಪೊಲೀಸ್ ದಫೇದಾರ ಕೊಟ್ರಪ್ಪನವರು. ಕೊಟ್ಟೂರಿನಲ್ಲಿ ಕೊಟ್ರಪ್ಪ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ, ಆದ್ದರಿಂದ ಎಲ್ಲರೂ ಅವರನ್ನು ದಫೇದಾರರು ಎಂದೇ ಕರೆಯುತ್ತಿದ್ದರು. ನನಗೆ ಬೇಕಾಗಿದ್ದವಳು ಅವರ ಮಗಳು ಗಂಗಾ.

ನಾನಾಗ ಕೂಡ್ಲಿಗಿಯ ಪಶು ಆಸ್ಪತ್ರೆಗೆ ಹೊಸದಾಗಿ ಸೇರಿದ್ದೆ. ಬೈಕಿನ ಮೇಲೆ ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಸೂಜಿ ಚುಚ್ಚುವ ಕೆಲಸ. ಗಂಗಾ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು. ಯಾರ ಮನೆಯಲ್ಲಿ ಎಷ್ಟು ದನ ಎಂದು ಕೇಳಿದರೆ ಹಿರಿಯರು ನನಗೆ ಏನೇನೋ ಹೇಳುತ್ತಿದ್ದರು. ಅವಳು ಮಕ್ಕಳಿಂದ ಒಂದೇ ಗಳಿಗೆಯಲ್ಲಿ ಹೇಳಿಸಿ ಹಾಳೆಯ ಮೇಲೆ ಬರೆದುಕೊಡುತ್ತಿದ್ದಳು. ಆ ಊರಿನ ದನಗಳ ಆರೋಗ್ಯವನ್ನು ನಾನು ಅಗತ್ಯಕ್ಕಿಂತ ಹೆಚ್ಚು ಸಲ ವಿಚಾರಿಸಿದೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ವರ್ಷ ತುಂಬುವುದರೊಳಗೆ ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿಕೊಂಡೆವು. ಅವಳದು ಒಂದೇ ಷರತ್ತು.

“ನಮ್ಮಪ್ಪ ಹೂಂ ಅನ್ನಬೇಕ್ರಿ. ತಾಯಿ ಇಲ್ಲದಾಕಿನ್ನ ಒಬ್ಬನ ಬೆಳಸ್ಯಾನ. ಅವ ಒಲ್ಲೆ ಅಂದ್ರ ನಾನೂ ಒಲ್ಲೆ.”

ಇಲ್ಲಿ ದಫೇದಾರರ ವಿಷಯ ಸ್ವಲ್ಪ ಹೇಳಬೇಕು. ಸರ್ವಿಸಿನಲ್ಲಿದ್ದಾಗ ಅವರನ್ನು ಯಾವುದೋ ತರಬೇತಿಗೆ ಕಳಿಸಿದ್ದರಂತೆ. ಅಲ್ಲೊಬ್ಬ ಅಧಿಕಾರಿ ಜಗತ್ತಿನ ಕುಖ್ಯಾತ ಕೊಲೆಗಳ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುತ್ತ, ಕೊಲೆಗಾರನ ಹೆಸರು ಸಿಗದಿದ್ದರೂ ಸ್ವಭಾವ ಸಿಗುತ್ತದೆ, ಅವನು ಸ್ಥಳದಲ್ಲಿ ನಡೆದುಕೊಂಡ ರೀತಿಯಿಂದಲೇ ಅವನೆಂಥವನೆಂದು ಬರೆಯಬಹುದು ಎಂದರಂತೆ. ಉಳಿದ ಪೊಲೀಸರು ಊಟದ ಹೊತ್ತಿಗೆ ಅದನ್ನು ಮರೆತರು. ನಮ್ಮ ದಫೇದಾರರು ಮಾತ್ರ ಅದೊಂದು ಮಾತನ್ನು ಕೊಟ್ಟೂರಿನ ತನಕ ಜೋಪಾನವಾಗಿ ತಂದು ಜೀವನವಿಡೀ ಇಟ್ಟುಕೊಂಡರು.

ಮನೆಗೆ ಬಂದವರು ಚಪ್ಪಲಿ ಬಿಟ್ಟ ರೀತಿ ನೋಡಿಯೇ ಅವರ ಗುಣ ಹೇಳಿಬಿಡುವರು. ಒಮ್ಮೆ ಹಿತ್ತಲಿನ ದಾಸವಾಳದ ಹೂವು ದಿನಾ ಮಾಯವಾಗತೊಡಗಿದಾಗ, ಕಳ್ಳ ಎತ್ತರದವನು, ದೈವಭಕ್ತ, ಹೆಂಡತಿಗೆ ಹೆದರುವವನು ಎಂದು ಬರೆದು, ಎದುರುಮನೆಯ ಪೋಸ್ಟ್‌ಮಾಸ್ಟರರ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದರು. ಕೊನೆಗೆ ಸಿಕ್ಕಿಬಿದ್ದದ್ದು ಒಂದು ಆಡು. “ಎತ್ತರ ಸರಿ ಬಂತಲ್ಲ, ಹಿಂಗಾಲ ಮ್ಯಾಲೆ ನಿಂತಿತ್ತು” ಎಂದು ಆಮೇಲೂ ವಾದಿಸಿದರಂತೆ.

ಆದರೆ ಈ ನಗೆಯ ಹಿಂದೆ ಒಂದು ನಗಲಾರದ ಕೇಸು ಇತ್ತು. ಅವರಿನ್ನೂ ಹೊಸ ಪೇದೆಯಾಗಿದ್ದಾಗ ಹರಪನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಒಂಟಿಯಾಗಿದ್ದ ಬೀಜದ ವ್ಯಾಪಾರಿಯನ್ನು ಸಂಜೆ ಹೊತ್ತು ಯಾರೋ ಕೊಂದುಹೋಗಿದ್ದರು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದವರಲ್ಲಿ ಇವರೂ ಒಬ್ಬರು. ಸುಳಿವೇನೂ ಇರಲಿಲ್ಲ, ಒಂದರ ಹೊರತು. ಕೊಂದವನು ಹೊರಡುವ ಮುಂಚೆ ಹಿತ್ತಲಿನ ಎಮ್ಮೆಗೆ ಒಂದು ಬಕೆಟ್ ನೀರಿಟ್ಟು, ಮೇವು ಹಾಕಿ ಹೋಗಿದ್ದ. ಬಕೆಟ್ಟಿನ ಹಿಡಿಕೆಗೆ ರಕ್ತ ಮೆತ್ತಿತ್ತು.

ಕೇಸು ಬಗೆಹರಿಯಲಿಲ್ಲ, ಕಡತ ಮುಚ್ಚಿತು. ದಫೇದಾರರ ನೋಟುಬುಕ್ಕು ಮಾತ್ರ ಮುಚ್ಚಲಿಲ್ಲ. ಮನುಷ್ಯನ ಜೀವ ತೆಗೆದು, ಅದೇ ಕೈಯಿಂದ ಎಮ್ಮೆಯ ಬಾಯಾರಿಕೆ ತಣಿಸುವವನು ಎಂಥವನಿರಬಹುದು? ಅವರು ಉತ್ತರ ಬರೆದಿಟ್ಟಿದ್ದರು. ದನಗಳ ಮೇಲೆ ಪ್ರಾಣ, ಮನುಷ್ಯರ ಮೇಲೆ ಅಷ್ಟಕ್ಕಷ್ಟೆ. ಮಾತು ಕಡಿಮೆ. ಒಬ್ಬನೇ ಊರೂರು ತಿರುಗುವವನು. ಚೀಲದಲ್ಲಿ ಹಗ್ಗ, ಚಾಕು ಇದ್ದರೂ ಯಾಕೆಂದು ಯಾರೂ ಕೇಳದಂಥ ಕಸುಬಿನವನು.

ಇದೊಂದೂ ತಿಳಿಯದೆ ನಾನು ಅವ್ವನ ಜೊತೆ ಹೆಣ್ಣು ನೋಡಲು ಹೋದೆ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಗಂಗಾ ನನ್ನನ್ನು ಮೊದಲ ಸಲ ನೋಡುವವಳಂತೆ ತಲೆ ತಗ್ಗಿಸಿ ಕೂತಳು. ನಾನೂ ನನ್ನ ಪಾತ್ರವನ್ನು ಚೆನ್ನಾಗಿಯೇ ಮಾಡುತ್ತಿದ್ದೆ. ಅಷ್ಟರಲ್ಲಿ ಹಿತ್ತಲಿನಿಂದ ಎಮ್ಮೆ ಒದರಿತು. ಬೇಸಿಗೆಯ ಮಧ್ಯಾಹ್ನ. ಇನ್ನೊಂದು ಸಲ ಒದರಿತು. ನನಗೆ ತಡೆಯಲಾಗಲಿಲ್ಲ. “ನೀರು ಕೇಳಾಕತ್ತೈತಿ” ಎಂದು ತಟ್ಟೆ ಕೆಳಗಿಟ್ಟು ಎದ್ದು, ಹಿತ್ತಲಿಗೆ ಹೋಗಿ, ಒಂದು ಬಕೆಟ್ ನೀರು ಕುಡಿಸಿ, ಕಿವಿಯ ಹಿಂದೆ ಕೆರೆದು ಬಂದೆ.

ಗಂಗಾಳ ದೊಡ್ಡಮ್ಮನ ಕಣ್ಣು ತುಂಬಿತು. “ಬಾಯಿಲ್ಲದ ಜೀವದ ಮ್ಯಾಲೆ ಇಷ್ಟು ಕಕ್ಲಾತಿ ಇದ್ದಾವ, ಹೇಣ್ತಿನ್ನ ಹೆಂಗ ನೋಡಿಕೊಂಡಾನು!” ಎಂದಳು. ಅವ್ವ ಹೆಮ್ಮೆಯಿಂದ ಸುತ್ತ ನೋಡಿದಳು. ದಫೇದಾರರು ಮಾತ್ರ ಚಹಾದ ಕಪ್ಪು ಕೆಳಗಿಟ್ಟು, ನನ್ನ ಒದ್ದೆ ಕೈಗಳನ್ನೇ ನೋಡುತ್ತಿದ್ದರು.

“ಮಾತು ಕಡಿಮಿ ಏನಪಾ ನಿಂದು?” ಎಂದು ಕೇಳಿದರು. ಹಿರಿಯರ ಮುಂದೆ ವಿನಯ ತೋರಿಸಬೇಕೆಂದು ನಾನು ಬರೀ ತಲೆಯಾಡಿಸಿದೆ.

“ಚೀಲದಾಗ ಏನೇನ ಇಟಗೊಂಡು ತಿರುಗತಿ?”

“ಹಗ್ಗ, ರಬ್ಬರ್ ಗ್ಲೌಸು, ಸಣ್ಣದೊಂದು ಚಾಕು” ಎಂದು ನಾನು ಉತ್ಸಾಹದಿಂದ ಹೇಳಿದೆ. ನನ್ನ ಕಸುಬಿನ ಬಗ್ಗೆ ಅವರಿಗೆ ಇಷ್ಟು ಆಸಕ್ತಿ ಇದೆಯಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ನಾಲ್ಕನೇ ದಿನ ಗಂಗಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅತ್ತು ಕಣ್ಣು ಊದಿದ್ದವು, ಆದರೆ ಹೇಳುವಾಗ ನಗುವೂ ತಡೆಯಲಾಗುತ್ತಿರಲಿಲ್ಲ. “ಅಪ್ಪ ಒಲ್ಲೆ ಅಂತಾನ್ರಿ. ನೀವು ಎಮ್ಮಿಗೆ ನೀರು ಕುಡಿಸಿದ್ರಂತ.” ಆಮೇಲೆ ಆ ಹಳೆಯ ಕೊಲೆಯ ಕಥೆಯನ್ನೆಲ್ಲ ಹೇಳಿದಳು.

“ಅವಾಗ ನಾನು ಸಾಲ್ಯಾಗ ಒಂದನೇತ್ತ ಇದ್ದೆ!” ಎಂದೆ.

“ನಾನೂ ಅದ ಹೇಳ್ದೆ. ‘ಕೊಂದಾವ ಅವನ ಅಂತ ನಾ ಎಲ್ಲಿ ಅಂದೆ, ಅಂಥಾವ ಅಂದೆ’ ಅಂತಾನ.”

ಅಂಥವನು! ನೀವೇ ಹೇಳಿ, ಈ ಮಾತಿಗೆ ಯಾವ ಕೋರ್ಟಿನಲ್ಲಿ ಅಪೀಲು ಹಾಕುವುದು? ನಾನು ಏನೂ ಮಾಡಿಲ್ಲ ಎಂದು ಸಾಬೀತು ಮಾಡಬಹುದು, ನಾನು ನಾನಲ್ಲ ಎಂದು ಹೇಗೆ ಸಾಬೀತು ಮಾಡಲಿ? ಬಸ್ಸು ಬಂತು, ಗಂಗಾ ಹತ್ತಿ ಹೋದಳು. ತಂದೆಯ ಮಾತು ದಾಟುವವಳಲ್ಲ ಅವಳು. ಅವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು. ಎರಡು ದಿನ ಊಟ ಸೇರಲಿಲ್ಲ, ಒಂದು ಹೋರಿ ನನ್ನ ಕಾಲು ತುಳಿದರೂ ಗೊತ್ತಾಗಲಿಲ್ಲ.

ಮೂರನೇ ದಿನ ಒಬ್ಬನೇ ಕೊಟ್ಟೂರಿಗೆ ಹೋದೆ. ದಫೇದಾರರು ಕಟ್ಟೆಯ ಮೇಲೆ ಕೂತಿದ್ದರು. ಬಯ್ಯಲಿಲ್ಲ, ಕೂಡು ಎಂದರು. ಒಳಗಿನಿಂದ ಆ ನೋಟುಬುಕ್ಕನ್ನೇ ತಂದು ನನ್ನ ಕೈಗೆ ಕೊಟ್ಟರು.

“ಸಿಟ್ಟ ಮಾಡಿಕೋಬ್ಯಾಡ. ನೀ ಒಳ್ಳೇವ ಇರಬಹುದು. ಆ ಮನುಷ್ಯಾನೂ ಮಂದಿ ಕಣ್ಣಿಗೆ ಒಳ್ಳೇವನ ಇದ್ದಿರಬೇಕು. ಒಬ್ಬಾಕೀನ ಮಗಳದಾಳ ನನಗ.”

ದನಿಯಲ್ಲಿ ದರ್ಪ ಇರಲಿಲ್ಲ, ದಿಗಿಲು ಇತ್ತು. ಜಗಳವಾಡಲು ಹೋದವನ ಸಿಟ್ಟು ಅಲ್ಲೇ ಇಳಿದುಹೋಯಿತು. ಸುಮ್ಮನೆ ನೋಟುಬುಕ್ಕು ಓದುತ್ತ ಕೂತೆ. ಮೊದಲ ಪುಟದಲ್ಲಿ ಆ ಬೆಳಗಿನ ವಿವರವಿತ್ತು, ಯುವಕ ಪೇದೆಯ ದುಂಡನೆಯ ಅಕ್ಷರದಲ್ಲಿ: ‘ಎಮ್ಮೆ ಹತ್ತಿರ ಬರಗೊಡಲಿಲ್ಲ. ನೆಲ ಒದೆಯುತ್ತಿತ್ತು. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಕರು ದೂರದ ಗೂಟದಲ್ಲಿ ಕಟ್ಟಿಯೇ ಇತ್ತು, ಒದರುತ್ತಿತ್ತು.’ ಇದನ್ನು ಓದಿದ್ದೇ ತಡ, ನನ್ನೊಳಗಿನ ಪ್ರೇಮಿ ಹಿಂದೆ ಸರಿದು ದನದ ಡಾಕ್ಟರು ಎದ್ದು ಕೂತ.

“ಇದು ನೀವು ಕಣ್ಣಾರೆ ಕಂಡದ್ದೇನ್ರಿ?”

“ಹೂಂ. ಅವತ್ತ ಮುಂಜಾನೀನ ಬರದದ್ದು.”

“ಹಂಗಾರ ಅವ ದನ ಗೊತ್ತಿದ್ದಾವ ಅಲ್ಲರಿ.”

ದಫೇದಾರರು ಕನ್ನಡಕ ಸರಿಮಾಡಿಕೊಂಡರು. ನಾನು ಹೇಳುತ್ತ ಹೋದೆ. “ಸಂಜಿ ಹಾಲು ಕರಿಯೋ ಹೊತ್ತಿಗೆ ಕೆಚ್ಚಲ ತುಂಬಿ ಎಮ್ಮಿ ಒದರತೈತಿ, ಆ ಕಡಿ ಕರು ಒದರತೈತಿ. ದನ ಸಾಕಿದಾವ ಆಗಿದ್ರ ಮೊದಲ ಕರು ಬಿಡತಿದ್ದ. ಅದು ಮಲಿ ಕುಡದ್ರ ಎರಡೂ ತಣ್ಣಗಾಗತಾವ. ಇವಗ ಅಷ್ಟೂ ತಿಳದಿಲ್ಲ. ಸಪ್ಪಳ ಕೇಳಿ ಮಂದಿ ಬಂದಾರಂತ ಕೈಗೆ ಸಿಕ್ಕದ್ದು ಇಟ್ಟು ಓಡ್ಯಾನ. ನೀರು ಕೊಟ್ಟಿದ್ದು ಕಕ್ಲಾತಿಗೆ ಅಲ್ಲರಿ, ಅದರ ಬಾಯಿ ಮುಚ್ಚಸಾಕ.”

ಅವರು ಎದ್ದು ಹಿತ್ತಲಿಗೆ ಹೋದರು. ಹಾಲು ಕರೆಯುವ ಹೊತ್ತಾಗುತ್ತಿತ್ತು, ಅವರ ಎಮ್ಮೆ ಒದರುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೊದಲು ನೀರಿಟ್ಟರು, ಎಮ್ಮೆ ಮೂಸಿ ನೋಡಿ ಮತ್ತೆ ಒದರಿತು. ಮೇವು ಹಾಕಿದರು, ಒಂದು ಬಾಯಿ ತಿಂದು ಮತ್ತೆ ಒದರಿತು. ಆಮೇಲೆ ಕರು ಬಿಟ್ಟರು. ಹಿತ್ತಲೆಲ್ಲ ಗಪ್ಪಾಯಿತು. ಅವರು ಕರುವಿನ ಹಗ್ಗ ಸುತ್ತಿ ಗೂಟಕ್ಕೆ ಹಾಕಿದರು.

“ಇಪ್ಪತ್ತೆರಡ ವರ್ಸ” ಎಂದರು. “ಇಪ್ಪತ್ತೆರಡ ವರ್ಸ ಒಳ್ಳೇವರನ್ನ ಹುಡುಕಿ ಹುಡುಕಿ ಅನುಮಾನ ಪಟ್ಟೆನಲ್ಲೋ.”

ನನಗೆ ಅವರ ಮುಖ ನೋಡಲಾಗಲಿಲ್ಲ. ಆಮೇಲೆ ಹೇಳಿದರು: “ನಾಳಿ ಮುಂಜಾನಿ ಗಾಡಿ ತಗೊಂಡು ಬಾ. ಇಟ್ಟಿಗಿ ಊರಿಗೆ ಹೋಗೋದೈತಿ.” ಮದುವೆಯ ಮಾತನ್ನು ಅವರು ಎತ್ತಲಿಲ್ಲ, ನನಗೂ ಧೈರ್ಯವಾಗಲಿಲ್ಲ.

ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಅವರು ಹೇಳಿದ್ದು ದುರುಗಪ್ಪನ ವಿಷಯ. ದುರುಗಪ್ಪ ಇಟ್ಟಿಗಿಯವನು, ದನಗಳಿಗೆ ನಾಟಿ ಔಷಧ ಕೊಡುವವನು. ಕೊಲೆಯಾದ ವಾರ ಆ ವ್ಯಾಪಾರಿಯ ಎಮ್ಮೆಗೂ ಮದ್ದು ಕೊಟ್ಟುಬಂದಿದ್ದ. ಮಾತು ಕಡಿಮೆ, ಒಂಟಿ ತಿರುಗಾಟ, ಹೆಗಲಿಗೆ ಚೀಲ, ಎಲ್ಲ ಹೊಂದುತ್ತಿತ್ತು. ಪುರಾವೆ ಮಾತ್ರ ಇರಲಿಲ್ಲ. ದಫೇದಾರರು ವರ್ಷಕ್ಕೆ ಎರಡು ಮೂರು ಸಲ, ಈ ಕಡೆ ಬಂದಿದ್ದೆ ಎಂಬ ನೆವ ಹೇಳಿ, ಅವನ ಜಗಲಿಯ ಮೇಲೆ ಕೂತು ಅವನ ಕೈ, ಕಣ್ಣು, ಮಾತು ಎಲ್ಲ ಅಳೆದು ಬರುತ್ತಿದ್ದರು. ಇವತ್ತು ತಪ್ಪಾಯಿತು ಎಂದು ಹೇಳಿಬಿಡಬೇಕು ಎಂಬುದು ಅವರ ಸಂಕಟ.

ದುರುಗಪ್ಪ ನಮ್ಮನ್ನು ಕಂಡವನೇ ಅಂಗಳಕ್ಕೆ ಓಡಿಬಂದ. “ಬರ್ರಿ ದಫೇದಾರ್ರ, ಈ ಸಲ ಭಾಳ ದಿನ ಮಾಡಿದ್ರಿ” ಎಂದು ಕೈ ಹಿಡಿದು ಕೂಡಿಸಿದ. ದಫೇದಾರರು ಹೇಳಲೆಂದು ಬಾಯಿ ತೆರೆದಾಗಲೆಲ್ಲ ಅವನು ಒಂದು ಲೋಟ ಮಜ್ಜಿಗೆ ಹಿಡಿಯುತ್ತಿದ್ದ. ಮೂರು ಸಲ ಬಾಯಿ ತೆರೆದರು, ಮೂರು ಲೋಟ ಕುಡಿದರು. ತಪ್ಪಾಯಿತು ಎಂಬ ಮಾತು ಹೊರಗೆ ಬರಲೇ ಇಲ್ಲ.

ಕೊನೆಗೆ ದುರುಗಪ್ಪ ನನ್ನ ಕಡೆ ನೋಡಿದ. “ಈ ಹುಡುಗ ಯಾರ್ರೀ?”

ದಫೇದಾರರು ಮೀಸೆಯ ಮಜ್ಜಿಗೆ ಒರೆಸಿಕೊಂಡರು. “ಇವನೇನು, ನಮ್ಮ ಅಳಿಯ. ನಿನ್ನಂಗ ದನದ ಡಾಕ್ಟ್ರು.”

ನನ್ನ ಮಜ್ಜಿಗೆ ನೆತ್ತಿಗೇರಿತು. ಇಬ್ಬರೂ ಸೇರಿ ನನ್ನ ಬೆನ್ನು ಗುದ್ದಿದರು. ವಾಪಸು ಬರುವಾಗ ಸೂರ್ಯಕಾಂತಿ ಹೊಲಗಳ ನಡುವೆ ನಾನು ಯಾವ ಸ್ಪೀಡಿನಲ್ಲಿ ಗಾಡಿ ಓಡಿಸಿದೆನೋ, ಮಾವ ಎರಡೂ ಕೈಯಿಂದ ನನ್ನ ಸೊಂಟ ಹಿಡಿದು ಕೂತಿದ್ದರು.

ಆ ಕೊಲೆಗಾರ ಇವತ್ತಿಗೂ ಸಿಕ್ಕಿಲ್ಲ. ಮಾವ ಈಗ ಕೂಡ್ಲಿಗಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಇಟ್ಟಿಗಿಗೆ ಹೋಗುವುದನ್ನು ಮಾತ್ರ ಬಿಟ್ಟಿಲ್ಲ. ಈಗ ನೆವವೂ ಬೇಕಾಗುವುದಿಲ್ಲ. ಈಚೆಗೆ ಮಂಡಿ ನೋವೆಂದು ಎರಡು ತಿಂಗಳಿಂದ ಹೋಗಿರಲಿಲ್ಲ. ನಿನ್ನೆ ಆ ಕಡೆ ಕೆಲಸವಿದ್ದುದರಿಂದ ನಾನೊಬ್ಬನೇ ದುರುಗಪ್ಪನ ಮನೆಗೆ ಹೋದೆ. ಮೊನ್ನೆಯಿಂದ ಇದೆಲ್ಲ ನೆನಪಾಗಿ ಮನಸ್ಸು ಮೆತ್ತಗಾಗಿತ್ತು. ಮಾವ ಹೇಳಲಾರದ ಮಾತನ್ನು ನಾನಾದರೂ ಹೇಳಿಬಿಡೋಣ ಎಂದು, ಹಿಂದೆ ಅವರು ಯಾಕೆ ಬರುತ್ತಿದ್ದರು ಗೊತ್ತೇ ಎಂದು ಶುರು ಮಾಡಿದೆ.

ಮುದುಕ ಬೊಚ್ಚು ಬಾಯಿ ತುಂಬ ನಕ್ಕ. “ಬಂದಾಗೊಮ್ಮೆ, ಅವತ್ತ ಸಂಜಿ ನೀ ಎಲ್ಲಿದ್ದಿ ಅಂತ ತಿರುವಿ ಮುರುವಿ ಕೇಳತಿದ್ರು. ಅಷ್ಟೂ ತಿಳೀಲಾರದ ದಡ್ಡೇನಪಾ ನಾನು? ನೋಡ್ಲಿ ಬಿಡು, ಪೂರ್ತಿ ನೋಡ್ಲಿ ಅಂತ ಮಜ್ಜಿಗಿ ಕೊಡತಿದ್ದೆ. ನೋಡಿ ನೋಡಿ ದೋಸ್ತಿ ಆತು.” ಆಮೇಲೆ ನನ್ನ ಮೊಣಕೈ ಹಿಡಿದು ದನಿ ತಗ್ಗಿಸಿದ. “ನನಗ ಗೊತ್ತೈತಿ ಅಂತ ಅವರಿಗೆ ಹೇಳಬ್ಯಾಡ. ಭಾಳ ನಾಚಿಕಿ ಮನುಷ್ಯ. ಬರೋದು ಬಿಟ್ಟಾರು.”

ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮಾವ ಕೇಳಿದರು: “ಏನಂದ ದುರುಗಪ್ಪ?”

“ನೀವು ಯಾಕ ಬಂದಿಲ್ಲ ಅಂತ ಕೇಳಿದ್ನರಿ” ಎಂದೆ.

ಮಾವ ಮಂಡಿ ಹಿಡಿದುಕೊಂಡೇ ಎದ್ದರು. ಗೂಟದ ಮೇಲಿದ್ದ ಅಂಗಿ ತೆಗೆದು ತೋಳು ತೂರಿಸಿದರು. “ಹಂಗಾರ ನಡಿ, ಪಾಪ, ಕಾಯಾಕತ್ತಿರತಾನ.” ನಾನು ಮತ್ತೆ ಚಪ್ಪಲಿ ಮೆಟ್ಟಿ, ಬಂದ ದಾರಿಯಲ್ಲೇ ಇಟ್ಟಿಗಿಗೆ ಹೊರಟೆ.