ಮುಂಬಯಿಯಲ್ಲಿ ನಮ್ಮ ಜೋಡೆತ್ತು

ಕಾಲೇಜಿನ ಬಾಗಿಲಲ್ಲೇ ರುಂಡ ಇಲ್ಲದ ಗಂಡಸೊಬ್ಬ ನಿಂತಿದ್ದ! ಪಕ್ಕದಲ್ಲಿ ಕೈ ಇಲ್ಲದ ಹೆಂಗಸು. ಎಲ್ಲ ಗೊಂಬೆ, ಸುಣ್ಣ ಬಳಿದಂಗೆ ಬೆಳ್ಳಗೆ. ನಮ್ಮೂರು ಸೊಕ್ಕೆ ಕಡೆ ಭಿನ್ನವಾದ ಮೂರ್ತಿಯನ್ನು ಬಾವಿಗೆ ಬಿಡುತ್ತೇವೆ. ಮುಂಬಯಿಯಲ್ಲಿ ಅದನ್ನೇ ಮುಂದಿಟ್ಟು ಮಕ್ಕಳಿಗೆ ಚಿತ್ರ ಕಲಿಸುತ್ತಾರೆ. ನೋಡ್ರಪ್ಪಾ, ಎಂಥಾ ಊರಿಗೆ ಬಂದೆ ನಾನು!

ಮೊಮ್ಮಗಳು ನೀಲಮ್ಮನಿಗೆ ಮಣ್ಣಿನ ಮೂರ್ತಿ ಮಾಡುವುದು ಕಲಿಯುವ ಹಂಬಲ. ಹೆಣ್ಣುಮಗಳು, ಅದೂ ಯುದ್ಧದ ಕಾಲ, ಒಬ್ಬಳನ್ನೇ ಬಿಡಲಾದೀತೇ? ಜೊತೆಗೆ ನಾನು. ಸೀಟು ಸಿಕ್ಕರೆ ಓದು ಮುಗಿಯುವವರೆಗೆ ನಾನೂ ಇಲ್ಲೇ. ಸಿಗದಿದ್ದರೆ ಬಿತ್ತನೆ ಹೊತ್ತಿಗೆ ಊರು. ನಿಜ ಹೇಳ್ತೀನಿ, ಮನಸ್ಸು ಎರಡೂ ಕಡೆ ಜಗ್ಗುತ್ತಿತ್ತು.

ಇಳಿದುಕೊಂಡದ್ದು ಚಾಳಿನಲ್ಲಿ. ಅಂದರೆ ಒಂದೇ ಸಾಲಿಗೆ ಕೋಣೆಗಳು, ಎಲ್ಲರಿಗೂ ಒಂದೇ ನಲ್ಲಿ. ಊರಲ್ಲಿ ಜಗಲಿ ಮೇಲೆ ಕೂತರೆ ಹೋಗೋರು ಬರೋರೆಲ್ಲ ಮಾತು. ಇಲ್ಲಿ ಗೋಡೆಯಾಚೆ ಕೆಮ್ಮಿದ್ದು ಕೇಳುತ್ತದೆ, ಮಾತು ತಿಳಿಯದು. ಒಂದಿನ ಪಕ್ಕದ ಕೋಣೆಯ ಹೆಣ್ಣುಮಗಳು ನನ್ನನ್ನು 'ಆಜೋಬಾ' ಅಂದಳು. ಅವರ ಮರಾಠಿಯಲ್ಲಿ ಅಜ್ಜ ಅಂತ. ಅವತ್ತು ರೊಟ್ಟಿ ಹೆಚ್ಚಿಗೇ ಸೇರಿತು!

ಪರೀಕ್ಷೆಯ ದಿನ ಮಣ್ಣು ಕೊಟ್ಟು, ಒಂದು ಎತ್ತು ಮಾಡು ಅಂದರು. ನಾನು ಹೊರಗೆ ಕೂತೆ. ಬಾಗಿಲು ತೆಗೆದಾಗ ನೋಡಿದರೆ ಇವಳು ಎರಡು ಮಾಡಿಟ್ಟಿದ್ದಾಳೆ!

ಮೇಷ್ಟ್ರು ಧಾರವಾಡ ಕಡೆಯವರು. ಹುಬ್ಬು ಗಂಟಿಕ್ಕಿದರು. "ಒಂದ ಎತ್ತು ಮಾಡು ಅಂದ್ರ ಜೋಡಿ ಯಾಕ ಮಾಡೀಯವ್ವಾ?"

"ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿನೇ ಮಾಡಿ ಪೂಜೆ ಮಾಡೋದ್ರೀ ನಮ್ಮಲ್ಲಿ. ಒಂಟಿ ಎತ್ತು ಮಾಡಾಕೆ ಕೈ ಬರಲಿಲ್ಲ."

ನಾನು ಹತ್ತಿರ ಹೋದೆ. ಅಯ್ಯೋ ಶಿವನೇ, ನಮ್ಮ ಮನೆಯ ಎತ್ತುಗಳೇ! ಎಡಗಡೆಯದರ ಕೊಂಬು ಅದೇ ಥರ ಸೊಟ್ಟ. ಕೈ ತಾನಾಗಿ ಹೋಗಿ ಕೊರಳಡಿಯ ತೊಗಲು ಸವರಿತು. ಹಸಿ ಮಣ್ಣು! ನನ್ನ ಬೆರಳು ಮೂಡಿಬಿಟ್ಟವು.

"ಅಜ್ಜಾ!" ನೀಲಮ್ಮ ಚೀರಿದಳು. ಸೀಟು ಹೋಯಿತು, ನನ್ನ ಕೈಯಿಂದಲೇ ಹೋಯಿತು ಅಂದುಕೊಂಡೆ. ಊರಿನ ಆಸೆ ಆ ಗಳಿಗೆಗೆ ಎಲ್ಲಿ ಅಡಗಿತೋ.

ಮೇಷ್ಟ್ರು ಎತ್ತು ನೋಡಿದರು, ನನ್ನನ್ನು ನೋಡಿದರು. "ಯಜಮಾನ್ರ, ಅದು ಮಣ್ಣು ಅನ್ನೋದು ಮರ್ತಿರೇನು?"

"ಮರೆತೇ ಹೋಗಿತ್ರೀ."

"ಹಂಗಾದ್ರ ಈಕಿಗೆ ಸೀಟು ಐತಿ. ಆದ್ರ ನಾಳಿಂದ ಒಂದ ಅಂದ್ರ ಒಂದ ಮಾಡಬೇಕು. ಅಜ್ಜಾರು ಹೊರಗ ಕೂಡಬೇಕು!"

ಚಾಳಿನವರಿಗೆಲ್ಲ ಬೆಲ್ಲ ಹಂಚಿದೆ, ಮಾತು ಬಾರದವನು ನಕ್ಕು ನಕ್ಕು ಹಂಚಿದೆ. ಈ ಸಲ ನೀನೇ ಎತ್ತು ಹೂಡು ಅಂತ ಊರಲ್ಲಿರುವ ತಮ್ಮನಿಗೆ ಹೇಳಿ ಕಳಿಸಿದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಎಂಥಾ ಹದ ಮಳೆ! ಬಿದ್ದದ್ದೆಲ್ಲ ಕಲ್ಲುಹಾಸಿನ ಮೇಲೆ ಹರಿದು ಸಮುದ್ರ ಸೇರುತ್ತಿತ್ತು. ಮೇಲೆ ನಮ್ಮ ಕೋಣೆಯಲ್ಲಿ ನೀಲಮ್ಮ ಹಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೆ ಕಾಲು ಮೇಲಕ್ಕೆ ಎಳೆಯುತ್ತಿತ್ತು, ಮಳೆಯ ವಾಸನೆಗೆ ಹೊಲದ ಕಡೆಗೆ. ಚಾಳಿನ ಮೆಟ್ಟಿಲ ಮೇಲೆ ನೆನೆಯುತ್ತ ನಿಂತೇ ಇದ್ದೆ.