ಅಕ್ಕನ ಕಥೆಗೆ ಕಿರೀಟ ಬೇಕೆಂದವರು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ನಾನು ದೊಡ್ಡಬಳ್ಳಾಪುರದ ಕಡೆಯ ವಿಜಯಪುರದ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಅಕ್ಕ ನಮ್ಮ ಜೊತೆಯಲ್ಲೇ ಇದ್ದಳು. ಹಿಂದೆ ಒಂದು ಮಳೆಗಾಲದಲ್ಲಿ ತೌರಿಗೆ ಬರುವಾಗ ಹಳ್ಳ ತುಂಬಿ, ಅವಳು ಎರಡು ದಿನ ಯಾರದೋ ತೋಟದ ಮನೆಯಲ್ಲಿ ಉಳಿಯಬೇಕಾಗಿತ್ತು. ಊರು ಬಾಯಿಗೆ ಬಂದಂತೆ ಮಾತಾಡಿತು. ಭಾವ ಅದನ್ನು ನಂಬಿ, ಬಸುರಿ ಹೆಂಡತಿಯನ್ನು ನಮ್ಮ ಬಾಗಿಲಿಗೆ ಬಿಟ್ಟು ಹೋದ. ಅಕ್ಕ ಒಂದು ತಿಂಗಳು ಅತ್ತಳು. ಆಮೇಲೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಸೇರಿದಳು. ಮಗಳಿಗೆ ಎಂಟು ವರ್ಷವಾಗುವ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಅವಳದೇ ಎರಡು ಚರಕ ತಿರುಗುತ್ತಿದ್ದವು. ಭಾವನಿಗೆ ನಾನು ಬರೆದ ಒಂದು ಕಾಗದಕ್ಕೂ ಉತ್ತರ ಬರಲಿಲ್ಲ.

ಇದನ್ನೇ ಹೆಸರು ಬದಲಿಸಿ ಕಥೆಯಾಗಿ ಬರೆದೆ. ದೊಡ್ಡಬಳ್ಳಾಪುರದಲ್ಲಿ ಟೂರಿಂಗ್ ಟಾಕೀಸ್ ನಡೆಸುತ್ತಿದ್ದ ನಮ್ಮ ತಂದೆಯ ಸ್ನೇಹಿತರೊಬ್ಬರು ಸಿನಿಮಾ ಕಂಪನಿಯ ಏಜೆಂಟರನ್ನು ಕರೆಸಿದರು. ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸನ್ನು ಏರು ಸಿಕ್ಕಲ್ಲೆಲ್ಲ ಇಳಿದು ತಳ್ಳುತ್ತ, ಒಂದು ಭಾನುವಾರ ಅಲ್ಲಿಗೆ ಹೋದೆ. ಟಾಕೀಸಿನ ಖಾಲಿ ಡೇರೆಯಲ್ಲಿ ಕೂತು ಇಡೀ ಕಥೆ ಓದಿದೆ.

“ಚೆನ್ನಾಗಿದೆ ಮೇಷ್ಟ್ರೇ,” ಎಂದರು ಏಜೆಂಟರು. “ಆದ್ರೆ ಇದು ಪುರಾಣದ್ದೇ ಕಥೆ ಅಲ್ವಾ? ಗಂಡ ಅನುಮಾನ ಪಡ್ತಾನೆ, ಹೆಂಡ್ತೀನ ಬಿಡ್ತಾನೆ. ಅವನನ್ನ ರಾಜ ಮಾಡ್ಬಿಡಿ. ತಲೆ ಮೇಲೊಂದು ಕಿರೀಟ ಇಡೋಣ.”

“ಅವನು ರಾಗಿ ಬೆಳೆಯೋನು ಸ್ವಾಮಿ.”

“ಹಂಗಾದ್ರೆ ಒಬ್ಬ ಋಷಿ ಶಾಪ ಕೊಟ್ಟಿದ್ದ ಅನ್ನಿ. ಇಲ್ದಿದ್ರೆ ಯಾಕೆ ಬಿಟ್ಟ ಅಂತ ಜನ ಕೇಳ್ತಾರೆ.”

“ಬುದ್ಧಿ ಇಲ್ದೆ ಬಿಟ್ಟ.”

ಟಾಕೀಸಿನ ಯಜಮಾನರು ನಡುವೆ ಬಂದರು. “ಹೋದ ತಿಂಗಳು ಒಂದು ಸಾಮಾಜಿಕ ಚಿತ್ರ ಹಾಕಿದ್ದೆ ಕಣಪ್ಪಾ. ದೇವ್ರು ಯಾವಾಗ ಬರ್ತಾನೆ ಅಂತ ಕೇಳ್ತಿದ್ರು. ಮೂರನೇ ದಿನಕ್ಕೆ ಡೇರೆ ಖಾಲಿ.”

ನಾನು ಮೂರು ಸಲ ತಿದ್ದಿದೆ. ಮೊದಲ ಸಲ ಋಷಿಯನ್ನು ತಂದೆ, ಎರಡನೇ ಸಲ ಅಶರೀರವಾಣಿಯನ್ನು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಮೂರನೇ ಸಲ ಕಿರೀಟವನ್ನೂ ಇಟ್ಟೆ. ಅದನ್ನು ಡೇರೆಯಲ್ಲಿ ಓದಿದಾಗ ಏಜೆಂಟರು, ಕೊನೆಯಲ್ಲಿ ಹೆಂಡತಿ ಬೆಂಕಿ ಹಾಯ್ದು, ಗಂಡನ ಕಾಲ ಬಳಿ ಪ್ರಾಣ ಬಿಡಬೇಕು ಎಂದರು.

“ಅವಳು ಬದುಕಿದ್ದಾಳೆ,” ಎಂದೆ.

“ಯಾರು?”

ನಾನು ಹಾಳೆಗಳನ್ನು ಸುತ್ತಿಕೊಂಡು ಎದ್ದುಬಂದೆ.

ಕಂಪನಿ ಬೇರೆ ಯಾರಿಂದಲೋ ಅಂಥದೇ ಒಂದು ಪೌರಾಣಿಕ ಕಥೆ ಬರೆಸಿತು. ಚಿತ್ರ ಅದೇ ಡೇರೆಯಲ್ಲಿ ಎರಡು ತಿಂಗಳು ಓಡಿತು. ಹಳ್ಳಿಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದವರು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಹೋದರು.

ಅದಾದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಭಾವ ನಮ್ಮ ಹಿತ್ತಲಿಗೆ ಬಂದು ನಿಂತ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

“ಪಿಕ್ಚರ್ ನೋಡ್ದೆ,” ಎಂದ, ಗೂಡು ಬೇಯಿಸುತ್ತ ಕೂತಿದ್ದ ಅಕ್ಕನಿಗೆ. “ಆ ರಾಜ ಮಾಡಿದ ತಪ್ಪನ್ನೇ ನಾನೂ ಮಾಡ್ಬಿಟ್ಟೆ. ಮನೆಗೆ ಬಾ.” ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಎಂಟು ವರ್ಷ ನಾನು ಬರೆದದ್ದು ಇವನ ತಲೆಗೆ ಹತ್ತಲಿಲ್ಲ. ಬಣ್ಣ ಬಳಿದ ರಟ್ಟಿನ ಕಿರೀಟ ಎರಡೂವರೆ ಗಂಟೆಯಲ್ಲಿ ಹತ್ತಿಸಿತು.

ಅಕ್ಕ ಬಿಸಿನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. “ನನ್ನ ತಮ್ಮ ಬರೆದ ಕಾಗದ ನಿಮ್ಗೆ ಮುಟ್ಟಿದ್ವಾ?”

“ಮುಟ್ಟಿದ್ವು.”

“ಓದಿದ್ರಾ?”

ಅವನು ತಲೆ ಅಲ್ಲಾಡಿಸಿದ, ಓದಿದ್ದೆ ಎಂಬಂತೆ.

“ಸರಿ. ಊಟ ಮಾಡ್ಕಂಡು ಹೋಗಿ.”

ಅವಳೇ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಮಗಳು ಅವನನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದಳು. ಅವನು ತಲೆ ತಗ್ಗಿಸಿ ಉಂಡು, ಮೂರು ಗಂಟೆಯ ಬಸ್ಸಿಗೆ ಹೋದ. ಮಗಳನ್ನು ನೋಡಲು ಆಮೇಲೂ ಬರುತ್ತಿದ್ದ. ಅಕ್ಕ ಬೇಡ ಅನ್ನಲಿಲ್ಲ, ಅವನ ಹಿಂದೆ ಹೋಗಲೂ ಇಲ್ಲ.

ನಾನು ಸುಮ್ಮನಿರಲಾರದೆ, ಇದೇ ನಿಜವಾದ ಕೊನೆ ಎಂದು ಎಲ್ಲವನ್ನೂ ಏಜೆಂಟರಿಗೆ ಬರೆದೆ. ವಾರದೊಳಗೆ ಕಾರ್ಡು ಬಂತು. ಹೆಂಡತಿ ಗಂಡನ ಜೊತೆ ಹೋಗದಿದ್ದರೆ ಹೆಂಗಸರು ಒಪ್ಪುವುದಿಲ್ಲ, ಅವಳನ್ನು ತಡೆಯಲು ಒಂದು ಶಾಪವನ್ನಾದರೂ ಸೇರಿಸಿ ಎಂದು ಬರೆದಿದ್ದರು.